ಸೌದೆ ಕೋಣೆಯಲ್ಲಿ ಎಂಬತ್ತೈದು ಡಿಗ್ರಿ

ನಮ್ಮ ಮನೆಗೆ ಸೌನಾ ತಂದದ್ದು ನನ್ನ ಹೆಂಡತಿಯ ಮಂಡಿನೋವಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಚಾಮರಾಜಪೇಟೆಯಲ್ಲಿ ಈಗ ಕಂಡಕಂಡವರೆಲ್ಲ ನನ್ನ ವಿಷಯ ಮಾತಾಡುತ್ತಿದ್ದಾರೆ. ನಾಗಭೂಷಣ್ ಕಟ್ಟಿಕೊಂಡವಳನ್ನೇ ಬೇಯಿಸಿದನಂತೆ ಅನ್ನುತ್ತಾರೆ. ಅನ್ನುವವರ ಬಾಯಿಗೆ ಮಣ್ಣು ಬೀಳ. ತರಗುಪೇಟೆಯಲ್ಲಿ ಮೂವತ್ತೆಂಟು ವರ್ಷ ಬೆಲ್ಲದ ಮಂಡಿ ನಡೆಸಿದ್ದೇನೆ. ಅಚ್ಚು ಬೆಲ್ಲವನ್ನು ಉಗುರಲ್ಲಿ ಕೆರೆದು ನೋಡಿ ಯಾವ ಕಡೆಯ ಆಲೆಮನೆಯದು ಅಂತ ಹೇಳುವವನು ನಾನು. ಒಂದು ಮರದ ಡಬ್ಬ ಆರಿಸುವುದಕ್ಕೆ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ಶಿವಕುಮಾರಿಗೆ ಐವತ್ತೇಳು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ, ಪೂಜೆಗೆ ಕೂತರೆ ಏಳುವುದಕ್ಕೆ ಎರಡು ನಿಮಿಷ ಬೇಕು. ಮಂಡಿಯ ಡಾಕ್ಟರು ಒಣ ಶಾಖ ಒಳ್ಳೆಯದು ಅಂದಿದ್ದರು. ಅವಳು ಬಿಸಿನೀರಿನ ಚೀಲ ಸಾಕು ಅಂದಳು. ನಾನೂ ಅಷ್ಟಕ್ಕೇ ಬಿಡುತ್ತಿದ್ದೆನೋ ಏನೋ, ಆದರೆ ನಡುವೆ ನಮ್ಮ ಬೀಗರು ಬಂದರು.

ಬೀಗರು ಶಿವರುದ್ರಪ್ಪನವರದು ಮಲ್ಲೇಶ್ವರಂ ಹನ್ನೊಂದನೇ ಕ್ರಾಸು. ನನ್ನ ಮಗಳು ಶಿವಾನಿಯನ್ನು ಅವರ ಮಗನಿಗೆ ಕೊಟ್ಟು ನಾಲ್ಕು ವರ್ಷವಾಯಿತು. ಒಳ್ಳೆಯ ಮನುಷ್ಯನೇ, ಆದರೆ ಮನೆಗೆ ಏನು ತಂದರೂ ನನ್ನನ್ನು ಕರೆಸಿ ತೋರಿಸದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. ಹೋದ ವರ್ಷ ಇನ್‌ಫ್ರಾರೆಡ್ ಸೌನಾ ಅಂತ ಒಂದು ತಂದರು. ಬಟ್ಟೆಯ ಬೀರುವಿನಷ್ಟು ದೊಡ್ಡದು, ಒಳಗೆ ಗೋಡೆಗೆ ಬಿಸಿಯಾಗುವ ಹಲಗೆಗಳು. ಬಾಗಿಲು ಹಾಕಿಕೊಂಡು ಕೂತರೆ ಐವತ್ತು ಡಿಗ್ರಿ. ಹೋದಾಗಲೆಲ್ಲ ನಮ್ಮನ್ನು ಅದರಲ್ಲಿ ಕೂರಿಸುವುದು, ಬೆವರಿಕೊಂಡು ಹೊರಗೆ ಬಂದ ಮೇಲೆ ಟವೆಲ್ಲು ಕೊಟ್ಟು ಹೇಗಿತ್ತು ಅಂತ ಕೇಳುವುದು. ಹೆಣ್ಣು ಕೊಟ್ಟವನು ಚೆನ್ನಾಗಿತ್ತು ಅನ್ನದೆ ಇನ್ನೇನು ಅಂದಾನು? ನಾಲ್ಕು ಸಲ ಚೆನ್ನಾಗಿತ್ತು ಅಂದೆ. ಐದನೇ ಸಲ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನವೇ ಶಿವಕುಮಾರಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಸೌನಾ ಕಿಟ್ ಮಾರುವ ಅಂಗಡಿಗೆ ಹೋದೆ. ಅಂಗಡಿಯವನ ಹೆಸರು ಮುತ್ತುರಾಜ್, ಶ್ರೀರಾಂಪುರದವನು, ವಯಸ್ಸು ನಲವತ್ತಿರಬಹುದು. ಕಿಟ್ ಅಂದರೆ ಏನು ಅಂತ ನನಗೆ ಚೆನ್ನಾಗಿ ತಿಳಿಸಿ ಹೇಳಿದ. ಹಲಗೆಗಳು ಅಳತೆಗೆ ಕತ್ತರಿಸಿಯೇ ಬರುತ್ತವೆ, ಒಂದರೊಳಗೊಂದು ಸಿಕ್ಕಿಸಿದರೆ ಗೋಡೆ, ಮೇಲೆ ಚಾವಣಿ, ಒಳಗೆ ಎರಡು ಹಂತದ ಬೆಂಚು, ಗಾಜಿನ ಬಾಗಿಲು. ಇಬ್ಬರು ಬಂದು ಒಂದು ದಿನದಲ್ಲಿ ಜೋಡಿಸಿ ಹೋಗುತ್ತಾರೆ. ಅವನ ಹತ್ತಿರ ಎರಡು ಥರ ಇದ್ದವು. ಒಂದು ಬೀಗರ ಮನೆಯದೇ ಇನ್‌ಫ್ರಾರೆಡ್ಡು. ಇನ್ನೊಂದು ಕಲ್ಲಿನ ಒಲೆಯದು: ಕರೆಂಟಿನ ಒಲೆ, ಅದರ ಮೇಲೆ ರಾಶಿ ಕಲ್ಲು. ಕಲ್ಲು ಕಾದರೆ ಒಳಗೆ ಎಂಬತ್ತೈದು, ತೊಂಬತ್ತು ಡಿಗ್ರಿ.

ಮುತ್ತುರಾಜ್ ಬಂದವರನ್ನೆಲ್ಲ ಮೊದಲು ಒಂದು ಪ್ರಶ್ನೆ ಕೇಳುತ್ತಾನಂತೆ. ಅವತ್ತೂ ಕೇಳಿದ. ಮೈಮೇಲಿಂದ ತೆಗೆಯೋಕೆ ಆಗದೇ ಇರೋ ಒಡವೆ ಏನಾದ್ರೂ ಇದೆಯಾ ಅಮ್ಮ ಅಂತ. ಕಲ್ಲಿನ ಒಲೆಯ ಸೌನಾದಲ್ಲಿ ಲೋಹ ಕಾದು ಚರ್ಮ ಸುಡುತ್ತದಂತೆ. ತಾಳಿ, ಓಲೆ, ಉಂಗುರ ಎಲ್ಲ ಬಿಚ್ಚಿಟ್ಟೇ ಕೂರಬೇಕು. ತಾಳಿಯನ್ನೂ ಎಲ್ಲರೂ ಬಿಚ್ಚಿಡುತ್ತಾರೆ ಬಿಡಿ ಅಂದ.

ಶಿವಕುಮಾರಿ ಸೆರಗಿನ ಮೇಲೆ ಕೈ ಇಟ್ಟುಕೊಂಡಳು. ಅಲ್ಲಿ ಅವಳ ಇಷ್ಟಲಿಂಗ ಇರುತ್ತದೆ, ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರಕ್ಕೆ ಕಟ್ಟಿ. ಎಂಟನೇ ವರ್ಷದಲ್ಲಿ ತಿಪಟೂರಿನ ಕಡೆ ಅವಳ ತೌರಿನ ಮಠದ ದೊಡ್ಡ ಸ್ವಾಮಿಗಳು ಅವಳ ಕೈಯಲ್ಲಿಟ್ಟದ್ದು. ಆ ಸ್ವಾಮಿಗಳು ಲಿಂಗೈಕ್ಯರಾಗಿ ಎಷ್ಟೋ ಕಾಲವಾಯಿತು. ಅವತ್ತಿನಿಂದ ಲಿಂಗ ಅವಳ ಮೈ ಬಿಟ್ಟಿಲ್ಲ. ಶಿವಾನಿಯನ್ನು ಹೊಟ್ಟೆ ಕೊಯ್ದು ತೆಗೆದಾಗಲೂ ನರ್ಸಿನ ಕೈಕಾಲು ಹಿಡಿದು ತೋಳಿಗೆ ಕಟ್ಟಿಸಿಕೊಂಡಿದ್ದಳು. ನನ್ನದೂ ಇದೆ, ಬೀರುವಿನಲ್ಲಿ. ಮದುವೆ, ಗೃಹಪ್ರವೇಶ ಅಂದಾಗ ಹಾಕಿಕೊಳ್ಳುತ್ತೇನೆ. ನಾನೇನು ಲಿಂಗವಂತನಲ್ಲವೇ?

ಅವಳು ಮುತ್ತುರಾಜನಿಗೆ ಅದನ್ನೆಲ್ಲ ಹೇಳುವುದಕ್ಕೆ ನಿಂತಳು. ಬೆಳ್ಳಿ ಕರಡಿಗೆಯನ್ನು ಬೇಕಾದರೆ ಬಿಚ್ಚಿಟ್ಟು ಬಟ್ಟೆಯಲ್ಲಿ ಕಟ್ಟಿಕೊಳ್ಳಬಹುದು, ಆದರೆ ಒಳಗಿನ ಲಿಂಗದ ಕಲ್ಲಿಗೆ ಕಂತಿ ಅಂತ ಕಪ್ಪು ಲೇಪ ಇರುತ್ತದೆ, ಅಂಟು, ಬೂದಿ, ಎಣ್ಣೆ ಹಾಕಿ ಅರೆದು ಕಟ್ಟಿದ್ದು, ಜಾಸ್ತಿ ಕಾವು ತಗುಲಿದರೆ ಅದು ಮೆತ್ತಗಾಗುತ್ತದೆ ಅಂದಳು. ಬೀಗರ ಮನೆಯದರಲ್ಲಿ ಎರಡು ಸಲ ಕೂತಿದ್ದೇನೆ, ಅಷ್ಟು ಬಿಸಿಗೆ ಏನೂ ಆಗಲಿಲ್ಲ ಅಂದಳು. ಅವನು ಮರ್ಯಾದೆಯಿಂದ ಕೇಳಿಸಿಕೊಂಡು, ಹಾಗಾದರೆ ನಿಮಗೆ ಇನ್‌ಫ್ರಾರೆಡ್ಡೇ ಸರಿ ಅಮ್ಮ, ಮಂಡಿಗೂ ಅದೇ ಸಾಕು ಅಂದ. ಅಲ್ಲಿಗೆ ಅವರಿಬ್ಬರೂ ಸೇರಿ ನನ್ನ ಸೌನಾ ಆರಿಸಿಬಿಟ್ಟಿದ್ದರು.

ನಾನು ಕಲ್ಲಿನ ಒಲೆಯದರ ಹಲಗೆಯನ್ನು ಉಗುರಲ್ಲಿ ಕೆರೆದು ನೋಡಿದೆ. ಗಟ್ಟಿ ಮರ, ಒಳ್ಳೆಯ ವಾಸನೆ. ಇದನ್ನೇ ಕಳಿಸಿ ಅಂದೆ.

"ರೀ, ನಾನು ಕೇಳೋದು ಇದೊಂದೇ," ಅಂದಳು ಶಿವಕುಮಾರಿ. "ಇದ್ರಲ್ಲಿ ನಾನು ಕೂರೋಕಾಗಲ್ಲ."

ಅಂಗಡಿಯವನ ಮುಂದೆ ಹಾಗೆ ಹೇಳಿದ್ದು ನನಗೆ ಸರಿ ಬರಲಿಲ್ಲ. ನಿನ್ನ ಲಿಂಗಕ್ಕೆ ಸರಿಹೋಗೋ ಸೌನಾ ಬೇಕಾದರೆ ನಿಮ್ಮ ಮಠದಲ್ಲಿ ಹೋಗಿ ಕೇಳು ಅಂದೆ. ಮುತ್ತುರಾಜ್ ಕಾಗದ ಪತ್ರ ಹುಡುಕುವವನ ಹಾಗೆ ಒಳಗೆ ಹೋದ. ಅವಳು ಕಾರಿನಲ್ಲಿ ಮನೆಯವರೆಗೂ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಕೂತಿದ್ದಳು. ನಾನು ರೇಡಿಯೋ ಹಾಕಿಕೊಂಡೆ.

ಮನೆಯ ಹಿಂದೆ ಬಚ್ಚಲಿಗೆ ಸೇರಿದ ಹಾಗೆ ನಮ್ಮ ತಂದೆಯ ಕಾಲದ ಸೌದೆ ಕೋಣೆ ಇತ್ತು. ಅದನ್ನು ಖಾಲಿ ಮಾಡಿಸಿ, ನೆಲಕ್ಕೆ ಕಲ್ಲು ಹಾಸಿಸಿ, ತ್ರೀ ಫೇಸ್ ಕರೆಂಟು ಎಳೆಸಿದೆ. ಕಿಟ್ ಬಂತು, ಜೋಡಿಸಿದರು. ಮೊದಲ ದಿನ ನಾನೊಬ್ಬನೇ ಕೂತೆ. ಏನು ಹೇಳಲಿ, ಮೂಗಿನೊಳಗೇ ಬೆಂಕಿ ಹೋದ ಹಾಗಾಯಿತು. ಆರು ನಿಮಿಷಕ್ಕೆ ಹೊರಗೆ ಬಂದು ತಣ್ಣೀರು ಸುರಿದುಕೊಂಡೆ. ಆ ಆರು ನಿಮಿಷದ ವಿಷಯ ಯಾರಿಗೂ ಹೇಳಲಿಲ್ಲ.

ಅವತ್ತು ಸಂಜೆಯೇ ಬೀಗರಿಗೆ ಫೋನು ಮಾಡಿ, ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ, ನಿಜವಾದ ಸೌನಾ ಅಂದರೆ ಹೇಗಿರುತ್ತದೆ ತೋರಿಸುತ್ತೇನೆ ಅಂದೆ. ಅವರು ನಕ್ಕರು. ಎಂಬತ್ತೈದು ಡಿಗ್ರಿನಾ ಬೀಗರೇ, ಅದರಲ್ಲಿ ಮನುಷ್ಯರು ಕೂರ್ತಾರಾ ಅಂತ ಕೇಳಿದರು. ಆ ನಗು ನನಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ನಮ್ಮ ಮನೆಯವಳೇ ದಿನಾ ಹದಿನೈದು ನಿಮಿಷ ಕೂರ್ತಾಳೆ ಅಂದುಬಿಟ್ಟೆ. ಅವಳು ಆ ಕೋಣೆಯ ಹೊಸ್ತಿಲನ್ನೇ ದಾಟಿರಲಿಲ್ಲ.

ಸುಳ್ಳೇ ಸರಿ. ಆದರೆ ಗಂಡನ ಬಾಯಿಂದ ಬಂದ ಒಂದು ಮಾತು ಉಳಿಸುವುದಕ್ಕೆ ಹೆಂಡತಿಯಾದವಳು ಹದಿನೈದು ನಿಮಿಷ ಕೂರಬಾರದೇ? ಶನಿವಾರವೆಲ್ಲ ಹೇಳಿದೆ. ಮೊದಲು ಒಳ್ಳೆಯ ಮಾತಲ್ಲಿ ಹೇಳಿದೆ, ಆಮೇಲೆ ಗದರಿಸಿ ಹೇಳಿದೆ. ಲಿಂಗವನ್ನು ಹದಿನೈದು ನಿಮಿಷ ದೇವರ ಮನೆಯಲ್ಲಿಡು, ನಾನು ವರ್ಷಗಟ್ಟಲೆ ಇಟ್ಟಿಲ್ಲವಾ, ಲೋಕ ಮುಳುಗಿತಾ ಅಂತ ಕೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. ಗುರುಗಳ ಕೈ ಮೇಲೆ ಕೈ ಇಟ್ಟು ನಾನು ಕೊಟ್ಟ ಮಾತು ಅದು, ಮೈಯಿಂದ ಬೇರೆ ಮಾಡಲ್ಲ ಅಂತ, ಅಂದಳು. ನನಗೆ ಕೊಟ್ಟ ಮಾತು ಏನಾಯಿತು ಅಂತ ಕೇಳಿದೆ. ಅವಳು ಅಕ್ಕಿಯಲ್ಲಿ ಸಿಕ್ಕ ಒಂದು ಕಲ್ಲನ್ನು ತೆಗೆದು ಪಕ್ಕಕ್ಕಿಟ್ಟಳು.

ಭಾನುವಾರ ಹನ್ನೊಂದಕ್ಕೆ ಬೀಗರು ಬಂದರು, ಜೊತೆಗೆ ಶಿವಾನಿ. ಅಳಿಯ ಊರಲ್ಲಿರಲಿಲ್ಲ. ಹೋಳಿಗೆ ತಯಾರಾಗಿತ್ತು. ಶಿವರುದ್ರಪ್ಪನವರು ಸೌನಾದ ಮರ ಮುಟ್ಟಿ ನೋಡಿದರು, ಥರ್ಮಾಮೀಟರ್ ನೋಡಿದರು, ಮುಖದಲ್ಲಿ ಸ್ವಲ್ಪ ಸೋತ ಕಳೆ ಬಂತು. ನನ್ನ ಹೊಟ್ಟೆ ತಣ್ಣಗಾಯಿತು. ಆಮೇಲೆ ಅವರು ಸುಮ್ಮನಿರಬೇಕೋ ಬೇಡವೋ, ಎಲ್ಲಿ ಬೀಗಿತ್ತಿ, ದಿನಾ ಕೂರ್ತಾರೆ ಅಂದ್ರಲ್ಲ ಅಂದುಬಿಟ್ಟರು.

ಅಡುಗೆಮನೆಗೆ ಹೋದೆ. ಶಿವಕುಮಾರಿ ತುಪ್ಪ ಕಾಯಿಸುತ್ತಿದ್ದಳು. ಹತ್ತಿರ ಹೋಗಿ, ದನಿ ತಗ್ಗಿಸಿಯೇ ಹೇಳಿದೆ. "ಒಳಗೆ ಹೋಗಿ ಕೂರ್ತೀಯಾ, ಇಲ್ಲ ಅವರ ಮುಂದೇನೇ ನಿನ್ನ ಕೊರಳಿಗೆ ಕೈ ಹಾಕಿ ನಾನೇ ಬಿಚ್ಚಲಾ?"

ಅವಳು ನನ್ನ ಮುಖ ನೋಡಿದಳು. ನಾನು ಬಿಚ್ಚುತ್ತೇನೆ ಅಂತ ಅವಳಿಗೆ ಗೊತ್ತಾಯಿತು. ಒಲೆ ಆರಿಸಿ, ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಂಗೈಯಲ್ಲಿ ಮುಚ್ಚಿ ಎದೆಗೆ ಒತ್ತಿಕೊಂಡಳು. ತಾಳಿ ಬಿಚ್ಚಿ ಅಡುಗೆಮನೆಯ ಗೂಡಿನಲ್ಲಿಟ್ಟಳು. ಹತ್ತಿಯ ಸೀರೆಯಲ್ಲೇ ಹೋಗಿ ಕೆಳಗಿನ ಬೆಂಚಿನ ಮೇಲೆ ಕೂತಳು. ಮೇಲಿನ ಬೆಂಚು ಇನ್ನೂ ಬಿಸಿ. ಕೆಳಗೆ ಕೂತದ್ದಕ್ಕೆ ನಾನೇನೂ ಅನ್ನಲಿಲ್ಲ, ಅಷ್ಟು ರಿಯಾಯಿತಿ ಕೊಟ್ಟೆ.

ಗಾಜಿನ ಬಾಗಿಲಾದ್ದರಿಂದ ಎಲ್ಲ ಕಾಣುತ್ತಿತ್ತು. ನಾನು ಬೀಗರಿಗೆ ಕಲ್ಲಿನ ವಿಷಯ, ಒಲೆಯ ವಿಷಯ ವಿವರಿಸುತ್ತಿದ್ದೆ. ಐದು ನಿಮಿಷವಾಯಿತು. ಏಳಕ್ಕೆ ಅವಳು ಎದ್ದು ಬಂದು ಗಾಜಿಗೆ ಮೆಲ್ಲಗೆ ತಟ್ಟಿದಳು. ಮುಖ ಕೆಂಪಾಗಿತ್ತು, ಬಲಗೈ ಎದೆ ಬಿಟ್ಟಿರಲಿಲ್ಲ. ನಾನು ವಾಚು ತೋರಿಸಿದೆ. ಇನ್ನೂ ಎಂಟು ಅಂತ ಬೆರಳಲ್ಲಿ ಹೇಳಿದೆ.

ಸೌನಾದ ಬಾಗಿಲಿಗೆ ಚಿಲಕ ಇರುವುದಿಲ್ಲ. ಒಳಗಿದ್ದವರು ತಳ್ಳಿದರೆ ತೆರೆದುಕೊಳ್ಳಬೇಕು, ಜೀವಕ್ಕೆ ಅಪಾಯ ಆಗಬಾರದು ಅಂತ ಹಾಗೆ ಮಾಡಿರುತ್ತಾರೆ, ಮುತ್ತುರಾಜ್ ಹೇಳಿದ್ದ. ಅವಳು ತಳ್ಳಿದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಅಪ್ಪ, ಬಾಗಿಲು ಬಿಡಿ," ಅಂದಳು ಶಿವಾನಿ.

ನಿಮ್ಮಮ್ಮನಿಗೆ ಅಭ್ಯಾಸ ಇದೆ, ನೀನು ಸುಮ್ಮನಿರು ಅಂದೆ. ಸಾಕು ಬಿಡಿ ಬೀಗರೇ, ನೀವೇ ಗೆದ್ರಿ ಅಂದರು ಶಿವರುದ್ರಪ್ಪನವರು. ಗೆದ್ದಿರಿ ಅಂತ ಅವರು ಹೇಳಿದ್ದು ಕಿವಿಗೆ ಬಿತ್ತು, ಸಂತೋಷವೂ ಆಯಿತು. ಆದರೆ ಹದಿನೈದು ಅಂದವನು ಹನ್ನೊಂದಕ್ಕೆ ಬಿಟ್ಟರೆ ನಾಳೆ ಅದನ್ನೇ ಹೇಳಿಕೊಂಡು ತಿರುಗುವ ಮನುಷ್ಯ ಆತ. ಬೆನ್ನಿನ ಹಿಂದೆ ಅವಳು ಇನ್ನೆರಡು ಸಲ ತಟ್ಟಿದ್ದು ಗೊತ್ತಾಯಿತು, ಎಡಗೈಯಲ್ಲಿ. ಆಮೇಲೆ ತಟ್ಟಲಿಲ್ಲ. ಹನ್ನೆರಡಕ್ಕೆ ಶಿವಾನಿ ಬಂದು ನನ್ನ ರಟ್ಟೆ ಹಿಡಿದು ಎಳೆದೇಬಿಟ್ಟಳು. ನನ್ನ ಮಗಳು, ನಾನು ಎತ್ತಿ ಆಡಿಸಿದವಳು, ಅವಳ ಮಾವನ ಮುಂದೆ ನನ್ನ ಮೇಲೆ ಕೈ ಮಾಡಿದಳು.

ಶಿವಕುಮಾರಿ ಹೊರಗೆ ಬಂದು ಬಚ್ಚಲ ಕಟ್ಟೆಯ ಮೇಲೆ ಕೂತಳು. ಶಿವಾನಿ ನೀರು ತಂದಳು. ಶಿವಕುಮಾರಿ ನೀರು ಮುಟ್ಟದೆ ಮೊದಲು ಕೈ ಬಿಡಿಸಿದಳು. ಒದ್ದೆ ಬಟ್ಟೆ ಯಾವಾಗಲೋ ಒಣಗಿ ಅಂಟಿಕೊಂಡಿತ್ತು. ಬಿಡಿಸಿದರೆ ಕಂತಿ ಮೆತ್ತಗಾಗಿ ಬಟ್ಟೆಯ ಜೊತೆ ಎದ್ದು ಬಂತು. ಉಳಿದದ್ದರ ಮೇಲೆ ಅವಳ ನಾಲ್ಕು ಬೆರಳಿನ ಅಚ್ಚು ಬಿದ್ದಿತ್ತು. ಒಳಗಿನ ಕಲ್ಲು ಪಕ್ಕಕ್ಕೆ ಜಾರಿ, ಅದರ ಒಂದು ಅಂಚು ಆಚೆ ಕಾಣುತ್ತಿತ್ತು. ನಲವತ್ತೊಂಬತ್ತು ವರ್ಷ ದಿನಕ್ಕೆರಡು ಹೊತ್ತು ಅಂಗೈಯಲ್ಲಿಟ್ಟು ನೋಡಿದ್ದನ್ನು ಅವಳು ಈಗಲೂ ಹಾಗೇ ನೋಡುತ್ತಿದ್ದಳು. ಅಳಲಿಲ್ಲ. ಅತ್ತಿದ್ದರೆ ನಾನೂ ಒಂದು ಸಮಾಧಾನದ ಮಾತು ಆಡುತ್ತಿದ್ದೆ.

ಶಿವಾನಿ ನೀರು ಕುಡಿ ಅಮ್ಮ ಅಂತ ಲೋಟ ಬಾಯಿಗೇ ಹಿಡಿದಳು. ಶಿವಕುಮಾರಿ ಬೇಡ ಅಂತ ತಲೆ ಆಡಿಸಿದಳು. ಲಿಂಗ ಭಿನ್ನವಾದರೆ ಗುರುವಿನ ಕೈಯಿಂದ ಬೇರೆ ಬರುವವರೆಗೆ ನೀರೂ ಇಳಿಯಬಾರದು ಅಂತ ಅವರ ಮಠದ ಕಟ್ಟಳೆ. ಅದೆಲ್ಲ ಯಾವ ಕಾಲದ ಮಾತು? ಮಠಕ್ಕೆ ಬುಧವಾರ ಕಳಿಸ್ತೀನಿ, ಈಗ ಎದ್ದು ಎಲೆ ಹಾಕು, ನಾಟಕ ಸಾಕು ಅಂದೆ. ತುಟಿ ಒಡೆದು ಕೂತವಳ ಮುಂದೆ ಹಾಗನ್ನಬಾರದಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ನನಗೆ ಅನ್ನಿಸಿದ್ದು, ಇವಳು ಬೇಕು ಅಂತಲೇ ನನ್ನ ದಿನವನ್ನು ಹಾಳು ಮಾಡಿದಳು ಅಂತ.

ಶಿವರುದ್ರಪ್ಪನವರು ಚಪ್ಪಲಿ ಮೆಟ್ಟಿಕೊಂಡರು. ಎದ್ದೇಳಿ ತಾಯಿ, ಈಗಲೇ ಹೋಗೋಣ, ತಿಪಟೂರು ಎಷ್ಟು ದೂರ ಅಂದರು. ಊಟ ಮಾಡಿಕೊಂಡು ಹೋಗಿ ಅಂದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಮೂವರೂ ಅವರ ಕಾರಿನಲ್ಲಿ ಹೋದರು. ನಾನು ಎಲೆ ಹಾಕಿಕೊಂಡು ಮೂರು ಹೋಳಿಗೆ ತಿಂದೆ. ಕಾಯಿಸಿದ ತುಪ್ಪ ಇತ್ತು, ಹಾಕಿಕೊಂಡೆ. ಹಸಿವಾದವನು ಉಣ್ಣುವುದೂ ತಪ್ಪೇ?

ಅವಳು ಬಂದದ್ದು ಮಂಗಳವಾರ. ಈಗಿನ ಸ್ವಾಮಿಗಳು ಅವಳಿಗೆ ಹೊಸದಾಗಿ ದೀಕ್ಷೆ ಕೊಟ್ಟು ಬೇರೆ ಲಿಂಗ ಕಟ್ಟಿದ್ದರು. ಅಂಗೈಗೆ ಬ್ಯಾಂಡೇಜು. ಹಣೆಯಲ್ಲಿ ವಿಭೂತಿ. ಬಂದವಳು ನೆಟ್ಟಗೆ ಶಿವಾನಿಯ ಹಳೆಯ ಕೋಣೆಗೆ ಹೋಗಿ ಅಲ್ಲಿ ತನ್ನ ಸೀರೆ, ಪೂಜೆಯ ಸಾಮಾನು ಎಲ್ಲ ಜೋಡಿಸಿಕೊಂಡಳು. ನನಗೆ ಅಡುಗೆ ಮಾಡಿ ಮೇಜಿನ ಮೇಲಿಡುತ್ತಾಳೆ. ಕರೆದರೆ ಬರುತ್ತಾಳೆ, ಬಾಗಿಲ ಆಚೆ ನಿಲ್ಲುತ್ತಾಳೆ. ತಾಳಿ ಮಾತ್ರ ಗೂಡಿನಲ್ಲೇ ಇತ್ತು. ಮರೆತಿರಬೇಕು ಅಂದುಕೊಂಡು ಮೂರು ದಿನ ಕಾದೆ. ನಾಲ್ಕನೇ ದಿನ ಅದನ್ನು ತಂದು ಅವಳ ಮುಂದೆ ಹಿಡಿದೆ.

"ಅದು ಹೋದ ಹುಟ್ಟಿಂದು," ಅಂದಳು.

ನನಗೆ ತಲೆ ಕೆಟ್ಟುಹೋಯಿತು. ಬೀಗರನ್ನೇ ಕರೆಸಿದೆ, ಅವರೇ ತಾನೇ ಕರೆದುಕೊಂಡು ಹೋದದ್ದು, ಅವರೇ ಬಂದು ಬಿಡಿಸಲಿ ಅಂತ. ಶಿವರುದ್ರಪ್ಪನವರು ಬಂದು ಹಜಾರದಲ್ಲಿ ಕೂತರು, ಶಿವಾನಿ ಬಾಗಿಲ ಹತ್ತಿರ ನಿಂತಳು. ಇವಳಿಗೆ ಬುದ್ಧಿ ಹೇಳಿ ಅಂದೆ. ಮೂವತ್ತನಾಲ್ಕು ವರ್ಷ ಸಾಕಿದ್ದೇನೆ ಅಂದೆ. ಮಂಡಿನೋವಿಗೆ ಅಂತ ಸೌನಾ ತಂದು ಇಟ್ಟ ಗಂಡ ಈ ಬಸವನಗುಡಿ, ಚಾಮರಾಜಪೇಟೆಯಲ್ಲಿ ಇನ್ನೊಬ್ಬ ಇದ್ದಾನಾ ತೋರಿಸಿ ಅಂದೆ. ನನ್ನ ದನಿ ರಸ್ತೆಗೆ ಕೇಳುತ್ತಿತ್ತು ಅಂತ ಆಮೇಲೆ ಎದುರುಮನೆಯವರು ಹೇಳಿದರು.

ಶಿವಕುಮಾರಿ ನಾನು ಮುಗಿಸುವವರೆಗೂ ಕಾದಳು. ಆಮೇಲೆ ಬೀಗರ ಕಡೆ ತಿರುಗಿ ನಿಧಾನವಾಗಿ ಹೇಳಿದಳು. "ದೀಕ್ಷೆ ಅಂದ್ರೆ ಗುರುವಿನ ಕೈಯಲ್ಲಿ ಹುಟ್ಟೋದು ಅಂತ ಸ್ವಾಮಿಗಳು ನಿಮ್ಮ ಮುಂದೇನೇ ಹೇಳಿದ್ರು. ನಾನು ಹುಟ್ಟಿ ಐದು ದಿನ ಆಯ್ತು. ಈ ಹುಟ್ಟಲ್ಲಿ ನನಗೆ ಇನ್ನೂ ಮದುವೆ ಆಗಿಲ್ಲ."

ಇಂಥಾ ಮಾತಿಗೆ ಯಾರಾದರೂ ನಗಬೇಕಲ್ಲ? ಯಾರೂ ನಗಲಿಲ್ಲ. ಶಿವರುದ್ರಪ್ಪನವರು ಮೀಸೆ ನೇವರಿಸಿಕೊಂಡರು. ಅವರ ಮಾತು ನ್ಯಾಯವಾಗೇ ಇದೆ ಬೀಗರೇ, ಹಾಗಾದರೆ ನೀವು ಹೆಣ್ಣು ಕೇಳಬೇಕಾಗುತ್ತೆ ಅಂದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಬಿಡಿಸಿಕೊಳ್ಳುವುದಕ್ಕೆ ಒಂದು ದಾರಿ ಸಿಕ್ಕಿತಲ್ಲ ಅಂದುಕೊಂಡೆ. ಹೆಂಗಸರ ಹಟ, ಒಂದು ಮಾತು ಸೋತರೆ ಕರಗುತ್ತದೆ ಅಂತ ನನ್ನ ಲೆಕ್ಕ. ತಾಳಿ ಇನ್ನೂ ನನ್ನ ಕೈಯಲ್ಲೇ ಇತ್ತು. ಅರವತ್ತೆರಡು ವರ್ಷದವನು, ಮಗಳ ಮುಂದೆ, ಬೀಗರ ಮುಂದೆ, ಆಯ್ತು ಮಾರಾಯ್ತಿ, ಹೆಣ್ಣು ಕೇಳ್ತಿದೀನಿ, ಒಪ್ಪಿಗೆನಾ ಅಂತ ಕೇಳಿಯೇಬಿಟ್ಟೆ.

ಅವಳು ನನ್ನನ್ನು ತಲೆಯಿಂದ ಕಾಲವರೆಗೆ ನೋಡಿದಳು. ಅವಸರವೇನೂ ಇರಲಿಲ್ಲ. ಹೆಣ್ಣು ನೋಡುವುದಕ್ಕೆ ಹೋದಾಗ ನಾನೂ ನಮ್ಮ ತಾಯಿಯೂ ಅವಳನ್ನು ಹಾಗೇ ನೋಡಿದ್ದೆವು, ನಡೆಸಿ, ಕೂರಿಸಿ, ಹಲ್ಲು ಕಾಣಲಿ ಅಂತ ಮಾತಾಡಿಸಿ.

"ನಾಗಭೂಷಣ್ ಅವರೇ," ಅಂದಳು, "ಗಂಡು ನನಗೆ ಒಪ್ಪಿಗೆ ಇಲ್ಲ."

ಹೇಳಿ, ಬೀಗರಿಗೆ ಕಾಫಿ ತರುತ್ತೇನೆ ಅಂತ ಒಳಗೆ ಹೋದಳು. ಮೂರು ಲೋಟ ತಂದಳು. ನಾಲ್ಕನೆಯದು ನನಗೆ ಅಂತ ಸ್ವಲ್ಪ ಹೊತ್ತು ಕಾದೆ.